ಜ್ವರ ನೆತ್ತಿಗೇರಿದಾಗ: ಮಕ್ಕಳ ಫ್ಲೂ ಮತ್ತು ಮಿದುಳು, ಕಾರವಾರ–ಶಿರಸಿ ಕಡೆಯ ಮನೆಗಳಿಗೆ ಮಾರ್ಗದರ್ಶಿ

ಜೂನ್‌ನಲ್ಲಿ ಶಾಲೆ, ಅಂಗನವಾಡಿ ಶುರುವಾಗುವುದಕ್ಕೂ ಮಳೆ ಹಿಡಿಯುವುದಕ್ಕೂ ಸರಿಹೋಗುತ್ತದೆ. ಮುಚ್ಚಿದ ಕಿಟಕಿ, ಒಣಗದ ಸಮವಸ್ತ್ರ, ಒಂದೇ ಬೆಂಚಿನಲ್ಲಿ ಒತ್ತೊತ್ತಾಗಿ ಕೂತ ಮಕ್ಕಳು. ಜುಲೈ ಹೊತ್ತಿಗೆ ಘಟ್ಟದ ಕೆಳಗೂ ಮೇಲೂ ಜ್ವರ ಹರಡಿರುತ್ತದೆ. ಅದರಲ್ಲಿ ಬಹಳಷ್ಟು ಬರೀ ಥಂಡಿ, ನೆಗಡಿ. ಒಂದು ಪಾಲು ಇನ್‌ಫ್ಲುಯೆನ್ಜಾ, ಅಂದರೆ ಫ್ಲೂ. ಜನವರಿಯಿಂದ ಮಾರ್ಚ್ ನಡುವೆ ಅದು ಮತ್ತೊಂದು ಸುತ್ತು ಬರುತ್ತದೆ. ನೆಗಡಿ ಮೂಗಿನಿಂದ ಶುರುವಾಗಿ ನಿಧಾನಕ್ಕೆ ಏರುತ್ತದೆ. ಫ್ಲೂ ಹಾಗಲ್ಲ, ಬೆಳಿಗ್ಗೆ ಆಡುತ್ತಿದ್ದ ಮಗು ಸಂಜೆಗೆ 103 ಡಿಗ್ರಿ ಜ್ವರ, ಮೈಕೈ ನೋವು, ಒಣಕೆಮ್ಮು ಹಿಡಿದು ಮಲಗಿರುತ್ತದೆ.

ಹೆಚ್ಚಿನ ಮಕ್ಕಳು ಐದಾರು ದಿನಕ್ಕೆ ಎದ್ದು ಓಡಾಡುತ್ತಾರೆ. ಕೆಲವರಲ್ಲಿ ಮಾತ್ರ ಕಾಯಿಲೆಯ ಪರಿಣಾಮ ಮಿದುಳು, ನರ ಅಥವಾ ಸ್ನಾಯುಗಳಲ್ಲಿ ಕಾಣಿಸಿಕೊಳ್ಳುತ್ತದೆ. ಎಲ್ಲಕ್ಕಿಂತ ಸಾಮಾನ್ಯವಾದದ್ದು ಜ್ವರದ ಫಿಟ್ಸ್. ನೋಡಲು ಭಯಂಕರ, ಆದರೆ ಸಾಮಾನ್ಯವಾಗಿ ನಿರಪಾಯ. ಅಪರೂಪದ್ದು ಮಿದುಳೇ ಊದಿಕೊಳ್ಳುವ ಎನ್ಸೆಫಲೋಪತಿ. ಶುರುವಿನಲ್ಲಿ ಬರೀ ಮಂಪರಿನಂತೆ ಕಾಣುತ್ತದೆ, ಆದರೆ ಜೀವಕ್ಕೇ ಕುತ್ತು. ಇವೆರಡನ್ನೂ ಬೇರ್ಪಡಿಸಿ ನೋಡಲು ಮನೆಯವರಿಗೆ ಇರುವ ಸಾಧನ ಥರ್ಮಾಮೀಟರ್ ಅಲ್ಲ, ಮಗುವಿನ ಎಚ್ಚರ. 104 ಡಿಗ್ರಿ ಇದ್ದೂ ಜ್ವರ ಇಳಿದ ಗಳಿಗೆಯಲ್ಲಿ ಗಂಜಿ ಕೇಳುವ ಮಗುವಿಗಿಂತ, 101 ಡಿಗ್ರಿ ಇದ್ದು ತಾಯಿಯ ಮುಖ ಗುರುತಿಸದ ಮಗುವಿನ ಬಗ್ಗೆ ಹೆಚ್ಚು ಹೆದರಬೇಕು. ಅದರ ಮೇಲೆ ನಮ್ಮ ಉತ್ತರ ಕನ್ನಡ ಜಿಲ್ಲೆಯಿಂದ ಮಕ್ಕಳ ನರರೋಗ ತಜ್ಞರಿರುವ ದೊಡ್ಡ ಆಸ್ಪತ್ರೆಗೆ ಎರಡರಿಂದ ನಾಲ್ಕು ಗಂಟೆಯ ದಾರಿ. ಯಾವಾಗ ಹೊರಡಬೇಕು ಎನ್ನುವ ಲೆಕ್ಕದಲ್ಲಿ ಆ ಗಂಟೆಗಳೂ ಸೇರಬೇಕು.

ಮೊದಲ ಮೂರು ದಿನ

ಫ್ಲೂನಲ್ಲಿ ಮಿದುಳಿನ ತೊಂದರೆ ಬರುವುದಾದರೆ ಹೆಚ್ಚಾಗಿ ಜ್ವರ ಶುರುವಾದ ಮೊದಲ ಎರಡು–ಮೂರು ದಿನಗಳಲ್ಲೇ ಬರುತ್ತದೆ. ಜ್ವರದ ಫಿಟ್ಸ್ ಇನ್ನೂ ಬೇಗ: ಮೊದಲ ದಿನವೇ, ಎಷ್ಟೋ ಸಲ ಜ್ವರ ಇದೆಯೆಂದು ಮನೆಯವರಿಗೆ ಗೊತ್ತಾಗುವ ಮುಂಚೆಯೇ. ಹಾಗಾಗಿ "ಮೂರು ದಿನ ನೋಡೋಣ, ಇಳಿಯದಿದ್ದರೆ ಡಾಕ್ಟರ್" ಎಂಬ ರೂಢಿ ಜ್ವರಕ್ಕೆ ಸರಿಹೋಗಬಹುದು, ಎಚ್ಚರಕ್ಕೆ ಸರಿಹೋಗದು.

ಜ್ವರ ಬಂದ ದಿನವೇ ಒಂದು ಹಾಳೆ ತೆಗೆದುಕೊಂಡು ಜ್ವರ ಶುರುವಾದ ಗಂಟೆ, ಮಗುವಿನ ತೂಕ, ಕೊಟ್ಟ ಔಷಧಿಯ ಹೆಸರು, ಅಳತೆ, ವೇಳೆ ಬರೆದಿಡಿ. ಮುಂದೆ ಯಾವ ಆಸ್ಪತ್ರೆಗೆ ಹೋದರೂ ಮೊದಲು ಕೇಳುವುದು ಇವನ್ನೇ. ಹಗಲಲ್ಲಿ ಎರಡು–ಮೂರು ಗಂಟೆಗೊಮ್ಮೆ ಮಗುವನ್ನು ಮಾತಾಡಿಸಿ. ದೊಡ್ಡ ಮಗುವಾದರೆ ಹೆಸರು, ಅಕ್ಕನ ಹೆಸರು, ಈಗ ಎಲ್ಲಿದ್ದೇವೆ ಎಂದು ಕೇಳಿ. ಮಾತು ಬಾರದ ಕೂಸಾದರೆ ಕಣ್ಣಿಗೆ ಕಣ್ಣು ಕೊಡುತ್ತದೆಯೇ, ಮೊಲೆಹಾಲು ಮೊದಲಿನ ಬಿರುಸಿನಲ್ಲೇ ಕುಡಿಯುತ್ತದೆಯೇ, ಎತ್ತಿಕೊಂಡರೆ ಅಳು ನಿಲ್ಲುತ್ತದೆಯೇ ನೋಡಿ. ರಾತ್ರಿ ಒಮ್ಮೆಯಾದರೂ ಎಬ್ಬಿಸಿ ನೀರು ಕುಡಿಸಿ. ಜ್ವರದ ಮಗು ನಿದ್ದೆ ಮಾಡಲಿ ಎಂದು ಹತ್ತು ಗಂಟೆ ಮುಟ್ಟದೆ ಬಿಡುವುದು ಪ್ರೀತಿಯೇ, ಆದರೆ ನಿದ್ದೆ ಮತ್ತು ಮಂಪರಿನ ವ್ಯತ್ಯಾಸ ಎಬ್ಬಿಸಿದಾಗಲೇ ತಿಳಿಯುವುದು.

ತೆಳಿ, ಎಳನೀರು, ನೀರುಮಜ್ಜಿಗೆ, ಓಆರ್‌ಎಸ್ ಯಾವುದಾದರೂ ಸರಿ, ಸ್ವಲ್ಪ ಸ್ವಲ್ಪ ಆಗಾಗ ಕೊಡಿ. ಆರೆಂಟು ಗಂಟೆ ಮೂತ್ರ ಹೋಗಿಲ್ಲವೆಂದರೆ ಮಗು ಒಣಗುತ್ತಿದೆ ಎಂದರ್ಥ. ಬರೀ ನೀರನ್ನೇ ಚೊಂಬುಗಟ್ಟಲೆ ಕುಡಿಸುವುದೂ ಬೇಡ. ರಕ್ತದ ಸೋಡಿಯಂ ಇಳಿದರೆ ಅದರಿಂದಲೇ ಫಿಟ್ಸ್ ಬರಬಹುದು. ಕೂಸುಗಳಲ್ಲಿ ಈ ಅಪಾಯ ಹೆಚ್ಚು.

ವಿಶೇಷ ನಿಗಾ ಬೇಕಾದವರು: ಎರಡು ವರ್ಷದೊಳಗಿನವರು, ಮೊದಲೇ ಫಿಟ್ಸ್ ಕಾಯಿಲೆ, ಸೆರೆಬ್ರಲ್ ಪಾಲ್ಸಿ ಅಥವಾ ಬೆಳವಣಿಗೆಯ ತೊಂದರೆ ಇರುವವರು, ಹಿಂದೆ ಜ್ವರದಲ್ಲಿ ಪ್ರಜ್ಞೆ ತಪ್ಪಿದ್ದವರು. ಆದರೆ ತೀವ್ರ ಎನ್ಸೆಫಲೋಪತಿಗೆ ಸಿಕ್ಕವರಲ್ಲಿ ಅದುವರೆಗೆ ಪೂರ್ತಿ ಆರೋಗ್ಯವಾಗಿದ್ದ ಮಕ್ಕಳೇ ಬಹಳ. ನಮ್ಮ ಮಗು ಗಟ್ಟಿಮುಟ್ಟು ಎಂಬ ಧೈರ್ಯ ಇಲ್ಲಿ ಕೆಲಸಕ್ಕೆ ಬರುವುದಿಲ್ಲ.

ಔಷಧಿಯ ಲೆಕ್ಕ: ಎಡವುವುದು ಇಲ್ಲೇ

ಜ್ವರಕ್ಕೆ ಪ್ಯಾರಸಿಟಮಾಲ್ ಒಂದೇ ಸಾಕು. ಒಂದು ಸಲಕ್ಕೆ ಪ್ರತಿ ಕಿಲೋ ತೂಕಕ್ಕೆ 10ರಿಂದ 15 ಮಿಲಿಗ್ರಾಂ; ಎರಡು ಸಲಗಳ ನಡುವೆ ಕನಿಷ್ಠ 4ರಿಂದ 6 ಗಂಟೆ; 24 ಗಂಟೆಯಲ್ಲಿ ನಾಲ್ಕು ಸಲ ಮೀರಬಾರದು. ಮೂರು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ ಮನೆಯ ಔಷಧಿಯೇ ಬೇಡ, ನೇರ ಆಸ್ಪತ್ರೆ.

ತೊಂದರೆ ಇರುವುದು ಬಾಟಲಿಯಲ್ಲಿ. ಅಂಗಡಿಯಲ್ಲಿ ಸಿಗುವ ಪ್ಯಾರಸಿಟಮಾಲ್ ಮೂರು ಸಾಂದ್ರತೆಯಲ್ಲಿ ಬರುತ್ತದೆ: 1 ಮಿಲಿಯಲ್ಲಿ 100 ಮಿಲಿಗ್ರಾಂ ಇರುವ ಡ್ರಾಪ್ಸ್, 5 ಮಿಲಿಯಲ್ಲಿ 120 (ಅಥವಾ 125) ಮಿಲಿಗ್ರಾಂ ಇರುವ ಸಿರಪ್, 5 ಮಿಲಿಯಲ್ಲಿ 250 ಮಿಲಿಗ್ರಾಂ ಇರುವ ಸಿರಪ್. 10 ಕಿಲೋ ತೂಗುವ ಮಗುವಿಗೆ 150 ಮಿಲಿಗ್ರಾಂ ಕೊಡಬೇಕೆಂದರೆ ಡ್ರಾಪ್ಸ್ ಆದರೆ 1.5 ಮಿಲಿ, 120ರ ಸಿರಪ್ ಆದರೆ 6 ಮಿಲಿ, 250ರದ್ದಾದರೆ 3 ಮಿಲಿ. ಹೋದ ಸಲ 6 ಮಿಲಿ ಕೊಟ್ಟ ನೆನಪಿನಲ್ಲಿ 250ರ ಬಾಟಲಿಯಿಂದ 6 ಮಿಲಿ ಕೊಟ್ಟರೆ ದುಪ್ಪಟ್ಟಾಯಿತು. ಡ್ರಾಪ್ಸ್ ಬಾಟಲಿಯಿಂದ 6 ಮಿಲಿ ಕೊಟ್ಟರೆ ಇಡೀ ದಿನದ ಮಿತಿ ಒಂದೇ ಸಲಕ್ಕೆ ಹೊಟ್ಟೆಗೆ ಹೋಯಿತು. ಚಮಚ ಬಿಡಿ; ಬಾಟಲಿಯ ಜೊತೆ ಬರುವ ಅಳತೆ ಮುಚ್ಚಳ ಅಥವಾ ಸೂಜಿಯಿಲ್ಲದ 5 ಮಿಲಿ ಸಿರಿಂಜ್ ಬಳಸಿ. ಕೊಟ್ಟ ಹತ್ತು–ಹದಿನೈದು ನಿಮಿಷದೊಳಗೆ ಪೂರ್ತಿ ವಾಂತಿಯಾದರೆ ಮತ್ತೊಮ್ಮೆ ಕೊಡಬಹುದು. ಆಮೇಲಾದರೆ ಮುಂದಿನ ವೇಳೆಯವರೆಗೆ ಕಾಯಿರಿ.

ಪ್ಯಾರಸಿಟಮಾಲ್ ಮಗುವಿನ ಸಂಕಟ ಇಳಿಸುತ್ತದೆ. ಫಿಟ್ಸ್ ತಡೆಯುವುದಿಲ್ಲ. ಎಷ್ಟು ಬೇಗ, ಎಷ್ಟು ಕಟ್ಟುನಿಟ್ಟಾಗಿ ಕೊಟ್ಟರೂ ಜ್ವರದ ಫಿಟ್ಸ್ ಬರುವ ಮಗುವಿಗೆ ಅದು ಬರಬಹುದು. ಫಿಟ್ಸ್ ಬಂದ ಮೇಲೆ "ಒಂದು ಡೋಸ್ ತಪ್ಪಿಸಿದ್ದಕ್ಕೆ ಹೀಗಾಯ್ತು" ಎಂದು ಮನೆಯಲ್ಲಿ ಒಬ್ಬರನ್ನೊಬ್ಬರು ದೂರುವ ಅಗತ್ಯವಿಲ್ಲ.

ಈಗ ಕೊಡಬಾರದ್ದು. ಆಸ್ಪಿರಿನ್ ಬೇಡವೇ ಬೇಡ. ಫ್ಲೂ ಅಥವಾ ಸೀತಾಳೆ ಸಿಡುಬಿನ ಹೊತ್ತಿಗೆ ಆಸ್ಪಿರಿನ್ ಹೋದ ಮಕ್ಕಳಲ್ಲಿ ಯಕೃತ್ತು ಕೆಟ್ಟು ಮಿದುಳು ಊದುವ ರೈ ಸಿಂಡ್ರೋಮ್ ಬರಬಹುದು. ಈ ಕಾಯಿಲೆಯನ್ನು 1963ರಲ್ಲೇ ವಿವರಿಸಲಾಗಿತ್ತು; ಆಸ್ಪಿರಿನ್ ಜೊತೆಗಿನ ನಂಟು ಗೊತ್ತಾದದ್ದು 1980ರ ಸುಮಾರಿಗೆ. ದೊಡ್ಡವರ ತಲೆನೋವಿಗೆಂದು ಡಬ್ಬಿಯಲ್ಲಿಟ್ಟ, ನೀರಲ್ಲಿ ಕರಗುವ ಡಿಸ್ಪ್ರಿನ್ ಕೂಡ ಆಸ್ಪಿರಿನ್ನೇ. ಮೆಫೆನಾಮಿಕ್ ಆಸಿಡ್ ಮತ್ತು ಡೈಕ್ಲೋಫೆನಾಕ್ ಇವೆರಡನ್ನು ಫ್ಲೂ ಎನ್ಸೆಫಲೋಪತಿಯಲ್ಲಿ ಕೆಟ್ಟ ಫಲಿತಾಂಶದ ಜೊತೆ ಜಪಾನಿನ ವೈದ್ಯರು ಗುರುತಿಸಿದ್ದಾರೆ. ಅಲ್ಲಿ ಮಕ್ಕಳ ಫ್ಲೂ ಜ್ವರಕ್ಕೆ ಅವನ್ನು ಕೊಡುವುದಿಲ್ಲ. ನಮ್ಮಲ್ಲಿ "ಜ್ವರ ಬೇಗ ಇಳಿಯುವ ಸಿರಪ್" ಎಂದು ಕೈಗಿಡುವ ಎಷ್ಟೋ ಬಾಟಲಿಗಳಲ್ಲಿ ಪ್ಯಾರಸಿಟಮಾಲ್ ಜೊತೆ ಮೆಫೆನಾಮಿಕ್ ಸೇರಿರುತ್ತದೆ. ಲೇಬಲ್ ಓದಿ. ನಿಮೆಸುಲೈಡ್ 12 ವರ್ಷದೊಳಗಿನವರಿಗೆ ಭಾರತದಲ್ಲಿ 2011ರಿಂದಲೇ ನಿಷೇಧ. ಐಬುಪ್ರೊಫೇನ್ ಬೇರೆ ಕಡೆ ಚೆನ್ನಾಗಿ ಬಳಕೆಯಲ್ಲಿದೆ, ಆದರೆ ನಮ್ಮ ಮಳೆಗಾಲದಲ್ಲಿ ಆ ಜ್ವರ ಡೆಂಗಿ ಆಗಿರುವ ಸಾಧ್ಯತೆ ಯಾವಾಗಲೂ ಇರುವುದರಿಂದ ವೈದ್ಯರು ಹೇಳದೆ ಬೇಡ.

ಕರ್ಪೂರದ ವಿಷಯ ಬೇರೆಯಾಗಿಯೇ ಹೇಳಬೇಕು. ತೆಂಗಿನೆಣ್ಣೆಗೆ ಕರ್ಪೂರ ಹಾಕಿ ಕಾಸಿ ಎದೆಗೆ, ನೆತ್ತಿಗೆ ಹಚ್ಚುವುದು ನಮ್ಮ ಕಡೆ ಮನೆಮನೆಯ ರೂಢಿ. ಕರ್ಪೂರವೇ ಫಿಟ್ಸ್ ತರಿಸುವ ವಸ್ತು. ಬಾಯಿಗೆ ಹೋದರೆ ಕೆಲವೇ ನಿಮಿಷಗಳಲ್ಲಿ ಸೆಳೆತ ಬರಬಹುದು. ಕೂಸಿನ ತೆಳು ಚರ್ಮದ ಮೂಲಕವೂ ಒಳಹೋಗುತ್ತದೆ. ನೀಲಗಿರಿ ಎಣ್ಣೆಯೂ ಹಾಗೇ. ಎರಡು ವರ್ಷದೊಳಗಿನ ಮಕ್ಕಳಿಗೆ ಇವು ಯಾವ ರೂಪದಲ್ಲೂ ಬೇಡ. ಜ್ವರದ ಫಿಟ್ಸ್ ಬಂದಿದ್ದ ಮಗುವಿಗೂ ಬೇಡ. ಬರೀ ಬೆಚ್ಚಗಿನ ತೆಂಗಿನೆಣ್ಣೆ ಹಚ್ಚಿದರೆ ತೊಂದರೆಯಿಲ್ಲ. ಮೈ ಒರೆಸುವುದಾದರೆ ಉಗುರುಬೆಚ್ಚಗಿನ ನೀರು, ಅದೂ ಮಗುವಿಗೆ ಹಿತವೆನಿಸಿದರೆ ಮಾತ್ರ. ತಣ್ಣೀರು, ಐಸ್ ಹಾಕಿದರೆ ಮಗು ನಡುಗಿ ಒಳಗಿನ ಬಿಸಿ ಇನ್ನೂ ಏರುತ್ತದೆ. ಕಂಬಳಿ ಹೊದೆಸಿ ಬೆವರಿಸುವುದೂ ಬೇಡ.

ಫ್ಲೂ ವೈರಸ್ಸಿಗೇ ಕೊಡುವ ಔಷಧಿ ಒಸೆಲ್ಟಾಮಿವಿರ್. ಎಲ್ಲ ಮಕ್ಕಳಿಗೂ ಬೇಕಿಲ್ಲ, ವೈದ್ಯರ ಚೀಟಿ ಬೇಕು. ಜ್ವರ ಶುರುವಾಗಿ 48 ಗಂಟೆಯೊಳಗೆ ಕೊಟ್ಟರೆ ಹೆಚ್ಚು ಉಪಯೋಗ. ಕಾಯಿಲೆ ಗಂಭೀರವಾಗಿದ್ದರೆ ತಡವಾದರೂ ಕೊಡುತ್ತಾರೆ. ಒಂದು ವರ್ಷ ದಾಟಿದವರಿಗೆ ತೂಕದ ಮೇಲೆ: 15 ಕಿಲೋವರೆಗೆ 30 ಮಿಲಿಗ್ರಾಂ, 15ರಿಂದ 23 ಕಿಲೋಗೆ 45, 23ರಿಂದ 40 ಕಿಲೋಗೆ 60, ಅದಕ್ಕೂ ಮೇಲೆ 75, ದಿನಕ್ಕೆರಡು ಸಲ, ಐದು ದಿನ. ಊಟದ ಜೊತೆ ಕೊಟ್ಟರೆ ವಾಂತಿ ಕಡಿಮೆ.

ಫಿಟ್ಸ್ ಬಂದ ಗಳಿಗೆಯಲ್ಲಿ

ಆರು ತಿಂಗಳಿಂದ ಐದು ವರ್ಷದ ನಡುವೆ ನೂರರಲ್ಲಿ ಎರಡರಿಂದ ಐದು ಮಕ್ಕಳಿಗೆ ಯಾವುದಾದರೊಂದು ಜ್ವರದಲ್ಲಿ ಫಿಟ್ಸ್ ಬರುತ್ತದೆ. ಕಣ್ಣು ಮೇಲೆ ಸಿಕ್ಕಿಕೊಳ್ಳುತ್ತದೆ, ಮೈ ಸೆಟೆಯುತ್ತದೆ, ಕೈಕಾಲು ಅದುರುತ್ತವೆ, ತುಟಿ ನೀಲಿಯಾಗಬಹುದು. ಬಹುಪಾಲು ಎರಡು–ಮೂರು ನಿಮಿಷದಲ್ಲಿ ತಾನೇ ನಿಲ್ಲುತ್ತದೆ. ಆ ಎರಡು ನಿಮಿಷ ಮಾಡಬೇಕಾದ್ದು:

1. ಗಡಿಯಾರ ನೋಡಿ. ಜೊತೆಗೆ ಇನ್ನೊಬ್ಬರಿದ್ದರೆ ಮೊಬೈಲಿನಲ್ಲಿ ವಿಡಿಯೊ ಮಾಡಲಿ. ಸೆಳೆತ ಎರಡೂ ಬದಿಗಿತ್ತೇ, ಒಂದೇ ಬದಿಗಿತ್ತೇ ಎಂಬುದು ವೈದ್ಯರಿಗೆ ಬಹಳ ಮುಖ್ಯ.
2. ಮಗುವನ್ನು ನೆಲದ ಮೇಲೆ ಚಾಪೆಯಲ್ಲಿ ಎಡಕ್ಕೋ ಬಲಕ್ಕೋ ಮಗ್ಗುಲಾಗಿ ಮಲಗಿಸಿ. ಜೊಲ್ಲು, ವಾಂತಿ ಹೊರಗೆ ಹರಿಯಲಿ. ಕತ್ತಿನ ಬಳಿಯ ಗುಂಡಿ, ಸರ, ಕರಿಮಣಿ ಸಡಿಲಿಸಿ.
3. ಬಾಯಿಗೆ ಏನನ್ನೂ ಹಾಕಬೇಡಿ. ಚಮಚ, ಬೆರಳು, ಬಟ್ಟೆ, ನೀರು, ಜೇನು, ಸಿರಪ್ ಯಾವುದೂ ಬೇಡ. ನಾಲಿಗೆ ಗಂಟಲಿಗೆ ಹೋಗಿ ಸಿಕ್ಕುತ್ತದೆ ಎಂಬುದು ಸುಳ್ಳು. ಹಲ್ಲು ಮುರಿದು ಶ್ವಾಸನಾಳಕ್ಕೆ ಹೋಗುವ ಅಪಾಯ ನಿಜ.
4. ಕೈಕಾಲು ಒತ್ತಿ ಹಿಡಿಯಬೇಡಿ. ಕಬ್ಬಿಣದ ಬೀಗದ ಕೈ ಹಿಡಿಸುವುದು, ಈರುಳ್ಳಿ ಮೂಸಿಸುವುದು, ಚಪ್ಪಲಿ ಹಿಡಿಯುವುದು ಫಿಟ್ಸ್ ನಿಲ್ಲಿಸುವುದಿಲ್ಲ. ಸೆಳೆತ ತಾನಾಗಿ ನಿಲ್ಲುವ ಹೊತ್ತಿಗೇ ಇವು ನಡೆದಿರುವುದರಿಂದ ಇವಕ್ಕೆ ಹೆಸರು ಬಂದಿದೆ, ಅಷ್ಟೇ.
5. ಐದು ನಿಮಿಷ ದಾಟಿದರೆ 108ಕ್ಕೆ ಕರೆ. ಮುಂಚೆ ಫಿಟ್ಸ್ ಬಂದು ವೈದ್ಯರು ಮೂಗಿಗೆ ಹಾಕುವ ಮಿಡಜೋಲಾಮ್ ಸ್ಪ್ರೇ ಬರೆದುಕೊಟ್ಟಿದ್ದರೆ ಈಗ ಬಳಸಿ.

ಸ್ಪ್ರೇ ಲೆಕ್ಕ ಹೀಗೆ: ಕಿಲೋಗೆ 0.2 ಮಿಲಿಗ್ರಾಂ. ಒಂದು ಒತ್ತಿಗೆ 0.5 ಮಿಲಿಗ್ರಾಂ ಬರುವ ಬಾಟಲಿಯಾದರೆ 10 ಕಿಲೋ ಮಗುವಿಗೆ ನಾಲ್ಕು ಒತ್ತು, ಎರಡೂ ಹೊಳ್ಳೆಗೆ ಹಂಚಿ. ಒಂದು ಒತ್ತಿಗೆ 1.25 ಮಿಲಿಗ್ರಾಂ ಬರುವ ಬಾಟಲಿಯೂ ಇದೆ, ಆದ್ದರಿಂದ ಎಷ್ಟು ಒತ್ತು ಎಂದು ವೈದ್ಯರಿಂದಲೇ ಬಾಟಲಿಯ ಮೇಲೆ ಬರೆಸಿಕೊಳ್ಳಿ. ಹೊಸ ಬಾಟಲಿಯನ್ನು ಮೊದಲು ಗಾಳಿಯಲ್ಲಿ ಕೆಲವು ಸಲ ಒತ್ತಿ ತುಂತುರು ಸರಿಯಾಗಿ ಬರುವುದನ್ನು ನೋಡಿಕೊಳ್ಳಬೇಕು. ಇಲ್ಲದಿದ್ದರೆ ಮೊದಲ ಒತ್ತುಗಳಲ್ಲಿ ಬರುವುದು ಬರೀ ಗಾಳಿ. ಕೊಟ್ಟ ಮೇಲೆ ಮಗುವಿನ ಎದೆ ಏರಿಳಿಯುವುದನ್ನು ನೋಡುತ್ತಲೇ ಇರಿ.

ಆಸ್ಪತ್ರೆ ದೂರವಿರುವ ಜೊಯಿಡಾ, ಯಲ್ಲಾಪುರ, ಸಿದ್ದಾಪುರದ ಒಳ ಊರಿನವರು ಇಷ್ಟು ಗಮನಿಸಿ: ಒಮ್ಮೆ ಜ್ವರದ ಫಿಟ್ಸ್ ಬಂದ ಮಗುವಿದ್ದರೆ ಈ ಸ್ಪ್ರೇ ಮನೆಯಲ್ಲಿರಬೇಕೇ ಎಂದು ನೀವೇ ವೈದ್ಯರನ್ನು ಕೇಳಿ. ಪೇಟೆಯ ಮಗುವಿಗಿಂತ ನಿಮ್ಮ ಮಗುವಿಗೆ ಅದರ ಅಗತ್ಯ ಹೆಚ್ಚು.

ನಿಂತ ಮೇಲೆ ನೋಡಬೇಕಾದ್ದು

ಫಿಟ್ಸ್ ನಿಂತ ಮೇಲೆ ಮಗು ಸುಸ್ತಾಗಿ ಮಲಗುವುದು ಸಹಜ. ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಎಬ್ಬಿಸಿದರೆ ಕಣ್ಣು ಬಿಟ್ಟು ಮನೆಯವರನ್ನು ಗುರುತಿಸಬೇಕು. ಮೊದಲ ಸಲದ ಫಿಟ್ಸ್ ಆಗಿದ್ದರೆ ಮಗು ಹುಷಾರಾದರೂ ಅದೇ ದಿನ ವೈದ್ಯರಿಗೆ ತೋರಿಸಬೇಕು. ಆರರಿಂದ ಹನ್ನೆರಡು ತಿಂಗಳ ಕೂಸಾದರೆ ಗಂಟೆಗಳೊಳಗೆ. ಆ ವಯಸ್ಸಿನಲ್ಲಿ ಮೆನಿಂಜೈಟಿಸ್ (ಮಿದುಳಿನ ಪೊರೆಯ ಸೋಂಕು) ಕುತ್ತಿಗೆ ಬಿಗಿತವಿಲ್ಲದೆಯೂ ಇರಬಹುದು, ಆಗಲೇ ಆಂಟಿಬಯೋಟಿಕ್ ಶುರುವಾಗಿದ್ದರೆ ಅದು ಇನ್ನೂ ಮರೆಯಾಗಿರುತ್ತದೆ. ಕೊಟ್ಟ ಆಂಟಿಬಯೋಟಿಕ್‌ನ ಬಾಟಲಿ ಜೊತೆಗೇ ಒಯ್ಯಿರಿ.

ಹದಿನೈದು ನಿಮಿಷ ದಾಟಿದ ಸೆಳೆತ, ಒಂದೇ ಬದಿಯ ಸೆಳೆತ, 24 ಗಂಟೆಯೊಳಗೆ ಎರಡನೇ ಸಲ, ಆರು ತಿಂಗಳೊಳಗೆ ಅಥವಾ ಐದು ವರ್ಷ ದಾಟಿದ ಮೇಲೆ ಮೊದಲ ಬಾರಿಗೆ ಬಂದ ಫಿಟ್ಸ್ — ಇವು ಸಾದಾ ಜ್ವರದ ಫಿಟ್ಸ್ ಅಲ್ಲ. ತಾಲೂಕು ಆಸ್ಪತ್ರೆಯಲ್ಲಿ ಒಂದು ರಾತ್ರಿ ಇಟ್ಟುಕೊಂಡು ನೋಡುವ ಬದಲು ಮಕ್ಕಳ ಐಸಿಯು ಇರುವಲ್ಲಿಗೆ ಕಳಿಸಿಕೊಡುವಂತೆ ಅಲ್ಲಿಯೇ ಕೇಳಿ.

ಫಿಟ್ಸೇ ಬಾರದೆ

ಕೆಲವು ಮಕ್ಕಳಲ್ಲಿ ಎನ್ಸೆಫಲೋಪತಿ ಫಿಟ್ಸ್ ಇಲ್ಲದೆ ಬರೀ ವರ್ತನೆಯಲ್ಲಿ ಶುರುವಾಗುತ್ತದೆ. ಮನೆಯವರನ್ನೇ ಬೇರೆ ಯಾರೋ ಎನ್ನುವುದು, ಇಲ್ಲದ್ದನ್ನು ಕಂಡು ಹೆದರುವುದು, ಕಾರಣವಿಲ್ಲದೆ ನಗು, ಅರ್ಥವಿಲ್ಲದ ಮಾತು, ತನ್ನ ಕೈಯನ್ನೇ ಕಚ್ಚಿಕೊಳ್ಳುವುದು. ಜ್ವರ ಏರಿದಾಗ ನಿದ್ದೆಗಣ್ಣಿನಲ್ಲಿ ಎದ್ದು ಐದು–ಹತ್ತು ನಿಮಿಷ ಹೀಗೆ ಮಾಡಿ ಮತ್ತೆ ಸರಿಯಾದರೆ ಅದು ಸಾಮಾನ್ಯ ಜ್ವರದ ಕನವರಿಕೆ. ಅರ್ಧ ಗಂಟೆಯಾದರೂ ಸರಿಹೋಗದಿದ್ದರೆ, ಬಿಟ್ಟು ಬಿಟ್ಟು ಮರುಕಳಿಸಿದರೆ, ಜ್ವರ ಇಳಿದ ಮೇಲೂ ಉಳಿದರೆ, ಅಥವಾ ಒಮ್ಮೆ ಫಿಟ್ಸ್ ಆಗಿ ಆಮೇಲೆ ಹೀಗಾದರೆ ಹೊರಡಿ. ಇದನ್ನು ಗಾಳಿ ಸೋಕಿದ್ದು, ಹೆದರಿದ್ದು ಎಂದು ತಾಯಿತ ಕಟ್ಟಿಸುವವರಿದ್ದಾರೆ. ಕಟ್ಟಿಸುವುದಾದರೆ ಕಟ್ಟಿಸಿ, ಗಾಡಿ ಹತ್ತಿದ ಮೇಲೆ.

ಪಕ್ಕಾ ಅಪಾಯದ ಗುರುತುಗಳು ಬೇರೆಯೂ ಇವೆ: ಎಬ್ಬಿಸಿದರೂ ಏಳದಿರುವುದು, ನಿಲ್ಲದ ವಾಂತಿಯ ಜೊತೆ ತಲೆನೋವು, ಕಣ್ಣು ಒಂದೇ ಕಡೆ ನೆಟ್ಟಿರುವುದು, ಒಂದು ಕಣ್ಣಿನ ಪಾಪೆ ಇನ್ನೊಂದಕ್ಕಿಂತ ದೊಡ್ಡದಾಗಿರುವುದು, ಒಂದು ಕಡೆಯ ಕೈಕಾಲು ಸೋಲುವುದು, ಕೂಸಿನ ನೆತ್ತಿ ಉಬ್ಬುವುದು, ಉಸಿರು ಎಳೆಯುವುದು. ಕೇಂದ್ರ ಆರೋಗ್ಯ ಇಲಾಖೆಯ ಫ್ಲೂ ಮಾರ್ಗಸೂಚಿಯಲ್ಲಿ ಮಂಪರು, ಫಿಟ್ಸ್, ಊಟ–ಹಾಲು ಬಿಡುವುದು, ಉಸಿರಾಟದ ಕಷ್ಟ ಇರುವ ಮಕ್ಕಳು 'ಸಿ' ವರ್ಗಕ್ಕೆ ಸೇರುತ್ತಾರೆ. ಅಂದರೆ ಪರೀಕ್ಷೆಯ ಫಲಿತಾಂಶಕ್ಕೆ ಕಾಯದೆ ದಾಖಲು ಮಾಡಿ ಔಷಧಿ ಶುರುಮಾಡಬೇಕಾದವರು.

ಇಷ್ಟು ಅವಸರ ಏಕೆಂದರೆ, ಇಲ್ಲಿ ಮಿದುಳನ್ನು ಕೆಡಿಸುವುದು ವೈರಸ್ಸಿಗಿಂತ ಹೆಚ್ಚಾಗಿ ಮಗುವಿನದೇ ರೋಗನಿರೋಧಕ ವ್ಯವಸ್ಥೆ. ಸೈಟೊಕೈನ್ ಎಂಬ ರಾಸಾಯನಿಕಗಳು ಮಿತಿಮೀರಿ ಸುರಿದು ಮಿದುಳಿನ ಸಣ್ಣ ರಕ್ತನಾಳಗಳು ಸೋರತೊಡಗುತ್ತವೆ, ಮಿದುಳು ಊದುತ್ತದೆ. ಬೆನ್ನುಹುರಿಯ ದ್ರವದಲ್ಲಿ ಹುಡುಕಿದರೆ ಹೆಚ್ಚಿನ ಸಲ ಫ್ಲೂ ವೈರಸ್ ಸಿಗುವುದೇ ಇಲ್ಲ. ಇದರಲ್ಲಿ ಅತಿ ಕೆಟ್ಟ ರೂಪ ಅಕ್ಯೂಟ್ ನೆಕ್ರೊಟೈಸಿಂಗ್ ಎನ್ಸೆಫಲೋಪತಿ. 1995ರಲ್ಲಿ ಜಪಾನಿನ ವೈದ್ಯರು ವಿವರಿಸಿದ್ದು. ಮಿದುಳಿನ ನಡುವೆ ಎಡಕ್ಕೊಂದು ಬಲಕ್ಕೊಂದು ಇರುವ ಥಾಲಮಸ್ ಎಂಬ ಭಾಗಗಳು ಎರಡೂ ಒಟ್ಟಿಗೇ ಹಾಳಾಗುತ್ತವೆ. ಅಮೆರಿಕದಲ್ಲಿ 2023ರಿಂದ 2025ರವರೆಗಿನ ಎರಡು ಫ್ಲೂ ಋತುಗಳಲ್ಲಿ ದಾಖಲಾದ ಇಂಥ 41 ಮಕ್ಕಳಲ್ಲಿ ಕಾಲು ಭಾಗಕ್ಕಿಂತ ತುಸು ಹೆಚ್ಚು ಮಂದಿ ತೀರಿಕೊಂಡರು. ಕೆಲವು ಕುಟುಂಬಗಳಲ್ಲಿ ಆರ್‌ಎಎನ್‌ಬಿಪಿ2 ಎಂಬ ಜೀನಿನ ದೋಷದಿಂದ ಇದು ಮರುಕಳಿಸುತ್ತದೆ. ಹಾಗಾಗಿ ಒಡಹುಟ್ಟಿದವರಿಗೋ ಹತ್ತಿರದ ನೆಂಟರ ಮಗುವಿಗೋ ಜ್ವರದಲ್ಲಿ ಹೀಗಾಗಿದ್ದರೆ ವೈದ್ಯರಿಗೆ ಮೊದಲೇ ಹೇಳಿ.

ಜ್ವರದ ಮೊದಲ ಎರಡು ದಿನ ದೊಡ್ಡ ಮಕ್ಕಳನ್ನೂ ಒಬ್ಬರನ್ನೇ ಬಿಡಬೇಡಿ. ಕನವರಿಕೆಯಲ್ಲಿ ಎದ್ದು ಹೊರಗೆ ಓಡುವುದುಂಟು. ಹಿತ್ತಿಲ ಬಾಗಿಲು, ಬಾವಿ ಕಡೆಯ ಬಾಗಿಲು ರಾತ್ರಿ ಚಿಲಕ ಹಾಕಿರಲಿ, ಮಾಳಿಗೆಯಲ್ಲಿ ಮಲಗಿಸಬೇಡಿ. ಇದಕ್ಕೆ ಒಸೆಲ್ಟಾಮಿವಿರ್ ಕಾರಣವೆಂಬ ಗುಮಾನಿಯಿಂದ ಜಪಾನ್ 2007ರಲ್ಲಿ ಹದಿಹರೆಯದವರಿಗೆ ಅದನ್ನು ತಡೆಹಿಡಿದಿತ್ತು. ಔಷಧಿ ತೆಗೆದುಕೊಳ್ಳದ ಮಕ್ಕಳಲ್ಲೂ ಹಾಗೇ ಆಗುವುದು ಕಂಡು 2018ರಲ್ಲಿ ಆ ತಡೆ ತೆಗೆಯಿತು.

ಯಾವ ದಾರಿ, ಎಷ್ಟು ಹೊತ್ತು

ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗು ಹಳೆಯದು. ಈ ರಾತ್ರಿ ಮಗುವಿಗೆ ಬೇಕಾದದ್ದು ಈಗಿರುವ ದಾರಿಯ ಲೆಕ್ಕ. ಮೊದಲ ನಿಲ್ದಾಣ ಯಾವಾಗಲೂ ಹತ್ತಿರದ ತಾಲೂಕು ಆಸ್ಪತ್ರೆಯೇ. ಕಾರವಾರ, ಅಂಕೋಲಾ ಕಡೆಯವರಿಗೆ ಕಾರವಾರದ ಮೆಡಿಕಲ್ ಕಾಲೇಜು ಆಸ್ಪತ್ರೆ. ಅಲ್ಲಿ ಆಮ್ಲಜನಕ, ರಕ್ತದ ಸಕ್ಕರೆ ಪರೀಕ್ಷೆ, ಫಿಟ್ಸ್ ನಿಲ್ಲಿಸುವ ಇಂಜೆಕ್ಷನ್, ರಕ್ತನಾಳಕ್ಕೆ ಒಂದು ಐವಿ ಲೈನ್ (ಡ್ರಿಪ್ ಸೂಜಿ) ಆಗಿಯೇ ಮುಂದೆ ಹೋಗಬೇಕು. ಸೆಳೆಯುತ್ತಿರುವ ಮಗುವನ್ನು ಕಾರಿನ ಹಿಂದಿನ ಸೀಟಿನಲ್ಲಿ ಹಾಕಿಕೊಂಡು ನೇರ ಮಣಿಪಾಲಕ್ಕೆ ಓಡಿಸುವುದು ದೊಡ್ಡ ತಪ್ಪು.

ಮುಂದಿನದು ಊರಿನ ಮೇಲೆ ಹೋಗುತ್ತದೆ. ಕಾರವಾರದಿಂದ ಗೋವಾದ ಬಾಂಬೋಳಿ ಮೆಡಿಕಲ್ ಕಾಲೇಜಿಗೆ ಎರಡು ಗಂಟೆಯ ಆಸುಪಾಸು; ಹುಬ್ಬಳ್ಳಿಗೆ ನಾಲ್ಕು ಗಂಟೆಗೆ ಹತ್ತಿರ. ಕುಮಟಾ, ಹೊನ್ನಾವರದಿಂದ ಮಣಿಪಾಲ ಎರಡೂವರೆ–ಮೂರು ಗಂಟೆ, ಭಟ್ಕಳದಿಂದ ಎರಡರೊಳಗೆ. ಶಿರಸಿ, ಯಲ್ಲಾಪುರ, ದಾಂಡೇಲಿಯವರಿಗೆ ಹುಬ್ಬಳ್ಳಿಯೇ ಹತ್ತಿರ. ಇದು ಒಣ ರಸ್ತೆಯ ಲೆಕ್ಕ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66 ಮುಚ್ಚಿಹೋದಾಗ, ಅದೇ ಆಗಸ್ಟ್‌ನಲ್ಲಿ ಕಾಳಿ ನದಿಯ ಹಳೆ ಸೇತುವೆ ಬಿದ್ದಾಗ ಈ ಲೆಕ್ಕಗಳೆಲ್ಲ ಬುಡಮೇಲಾದವು. ದೇವಿಮನೆ, ಅರಬೈಲ್ ಘಟ್ಟಗಳೂ ಮಳೆಗಾಲದಲ್ಲಿ ಯಾವಾಗ ಮುಚ್ಚುತ್ತವೆ ಹೇಳಲಾಗದು. ಆದ್ದರಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮನೆಯಲ್ಲಿ ಜ್ವರದ ಮಗುವಿದ್ದರೆ ಸಂಜೆ ಹೊತ್ತಿಗೇ ರಸ್ತೆಯ ಸುದ್ದಿ ವಿಚಾರಿಸಿಡಿ. ಮಗು ಮಂಕಾಗಿದೆ ಅನ್ನಿಸಿದರೆ ಕತ್ತಲಾಗುವ ಮುಂಚೆಯೇ ತಾಲೂಕು ಪೇಟೆಗೆ ಬಂದುಬಿಡಿ. ಅಲ್ಲಿ ಬಂದು "ಏನೂ ಇಲ್ಲ" ಎಂದು ವಾಪಸು ಕಳಿಸಿದರೆ ನಷ್ಟ ಒಂದು ಬಾಡಿಗೆಯದು.

ನೆಟ್‌ವರ್ಕ್ ಸಿಗದ ಊರಾದರೆ ಯಾವ ಗುಡ್ಡದ ತಿರುವಿನಲ್ಲಿ ಸಿಗ್ನಲ್ ಬರುತ್ತದೆ, ರಾತ್ರಿ ಯಾರ ಜೀಪು ಸಿಗುತ್ತದೆ ಎಂಬುದು ಮೊದಲೇ ಗೊತ್ತಿರಲಿ. 108ಕ್ಕೆ ಕರೆ ಮಾಡಿದಾಗ ಮನೆಗೇ ಬರಲಿ ಎಂದು ಕಾಯದೆ, ಮುಖ್ಯರಸ್ತೆಯ ಇಂಥ ಕ್ರಾಸ್‌ಗೆ ನಾವು ಬರುತ್ತೇವೆ ಎಂದು ಹೇಳಿದರೆ ಎಷ್ಟೋ ಹೊತ್ತು ಉಳಿಯುತ್ತದೆ. ದಾರಿಯಲ್ಲಿ ಮಗು ಮಗ್ಗುಲಾಗಿ, ತಲೆಯ ಕಡೆ ತುಸು ಎತ್ತರದಲ್ಲಿರಲಿ. ಬಾಯಿಗೆ ಏನೂ ಬೇಡ. ರೇಷನ್ ಕಾರ್ಡ್, ಆಧಾರ್, ತಾಯಿ ಕಾರ್ಡ್, ರೆಫರಲ್ ಚೀಟಿ ಒಂದು ಪ್ಲಾಸ್ಟಿಕ್ ಚೀಲದಲ್ಲಿ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಇದೆ. ರೆಫರಲ್ ಚೀಟಿಯಲ್ಲಿ ಕೊಟ್ಟ ಇಂಜೆಕ್ಷನ್‌ಗಳ ಹೆಸರು, ವೇಳೆ ಇದೆಯೇ ನೋಡಿಕೊಳ್ಳಿ. ಮುಂದಿನವರು ಅದರ ಮೇಲೇ ಡೋಸ್ ನಿರ್ಧರಿಸುತ್ತಾರೆ.

ದೊಡ್ಡ ಆಸ್ಪತ್ರೆಯಲ್ಲಿ ನಡೆಯುವುದು

ಗಂಟಲಿನ ಸ್ವಾಬ್ ತೆಗೆದು ಆರ್‌ಟಿ–ಪಿಸಿಆರ್, ರಕ್ತದಲ್ಲಿ ಸಕ್ಕರೆ, ಸೋಡಿಯಂ, ಯಕೃತ್ತಿನ ಪರೀಕ್ಷೆ, ಅಮೋನಿಯಾ, ಸ್ನಾಯು ಹಾನಿ ತೋರಿಸುವ ಸಿಕೆ. ಮಿದುಳಿಗೆ ಎಂಆರ್‌ಐ, ಅದರ ವಿದ್ಯುತ್ ಅಲೆಗಳನ್ನು ನೋಡುವ ಇಇಜಿ. ಮನೆಯವರು ಹಿಂಜರಿಯುವುದು ಬೆನ್ನಿನಿಂದ ನೀರು ತೆಗೆಯುವುದಕ್ಕೆ. ಕಾಲು ಹೋಗುತ್ತದೆ, ಸೊಂಟ ಹೋಗುತ್ತದೆ ಎಂಬ ಭಯಕ್ಕೆ ಸಹಿ ಹಾಕದೆ ಒಂದು ದಿನ ಕಳೆಯುವವರಿದ್ದಾರೆ. ಬೆನ್ನುಹುರಿ ಮುಗಿಯುವುದು ಮೇಲೆ; ಸೂಜಿ ಹಾಕುವುದು ಅದರ ಕೆಳಗೆ, ಸೊಂಟದ ಮೂರು–ನಾಲ್ಕು ಅಥವಾ ನಾಲ್ಕು–ಐದನೇ ಮೂಳೆಗಳ ನಡುವೆ. ತೆಗೆಯುವುದು ಕೆಲವೇ ಮಿಲಿ. ಮಿದುಳಿನ ಒತ್ತಡ ತೀರಾ ಏರಿದ್ದರೆ ವೈದ್ಯರೇ ಅದನ್ನು ಮುಂದೂಡುತ್ತಾರೆ. ಈ ಪರೀಕ್ಷೆಯಿಂದಲೇ ಬ್ಯಾಕ್ಟೀರಿಯಾದ ಮೆನಿಂಜೈಟಿಸ್ ಅಲ್ಲವೆಂದು ಖಚಿತವಾಗುವುದು.

ಚಿಕಿತ್ಸೆಯಲ್ಲಿ ಫಿಟ್ಸ್ ನಿಲ್ಲಿಸುವುದು, ಊತ ಇಳಿಸುವುದು, ಒಸೆಲ್ಟಾಮಿವಿರ್. ಎನ್ಸೆಫಲೋಪತಿ ಖಚಿತವಾದರೆ ಮೀಥೈಲ್‌ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್ ಕಿಲೋಗೆ 30 ಮಿಲಿಗ್ರಾಂನಂತೆ ಮೂರರಿಂದ ಐದು ದಿನ, ಕೆಲವೊಮ್ಮೆ ಇಮ್ಯುನೊಗ್ಲೋಬುಲಿನ್ ಎಂಬ ಪ್ರತಿಕಾಯಗಳ ಇಂಜೆಕ್ಷನ್. ನೆಕ್ರೊಟೈಸಿಂಗ್ ರೂಪದಲ್ಲಿ ಸ್ಟೀರಾಯ್ಡ್ ಮೊದಲ 24 ಗಂಟೆಯೊಳಗೆ ಸಿಕ್ಕ ಮಕ್ಕಳು ಚೇತರಿಸಿಕೊಂಡ ಪ್ರಮಾಣ ಉತ್ತಮ. ಘಟ್ಟ ಇಳಿಯುವ, ಹತ್ತುವ ಗಂಟೆಗಳೂ ಆ 24ರಲ್ಲೇ ಸೇರಿವೆ. ಎಂಆರ್‌ಐಯಲ್ಲಿ ಮಿದುಳಿನ ಎಡ–ಬಲ ಭಾಗಗಳನ್ನು ಜೋಡಿಸುವ ಕಾರ್ಪಸ್ ಕ್ಯಾಲೋಸಮ್‌ನ ಹಿಂಭಾಗದಲ್ಲಿ ಮಾತ್ರ ಒಂದು ಮಚ್ಚೆ ಕಂಡರೆ ಅದು ಹೆಚ್ಚಾಗಿ ತಾನೇ ಮಾಯುವ ಸೌಮ್ಯ ರೂಪ.

ಕಾಲಿನ ತೊಂದರೆ: ಎರಡು ಬೇರೆ ಕಥೆ

ಜ್ವರ ಇಳಿಯುವ ಹೊತ್ತಿಗೆ, ಮೂರನೇ ದಿನದ ಸುಮಾರಿಗೆ, ಶಾಲೆಗೆ ಹೋಗುವ ಹುಡುಗ ಬೆಳಿಗ್ಗೆ ಏಳುವಾಗಲೇ ಮೀನಖಂಡ ನೋವೆಂದು ಅಳುತ್ತಾನೆ, ತುದಿಗಾಲಲ್ಲಿ ನಡೆಯುತ್ತಾನೆ, ಇಲ್ಲವೇ ನಡೆಯುವುದೇ ಇಲ್ಲ. ಮುಟ್ಟಿದರೆ ಎರಡೂ ಮೀನಖಂಡ ನೋವು. ಇದು ಫ್ಲೂ ಬಿ ವಿಧದಲ್ಲಿ ಹೆಚ್ಚು ಕಾಣುವ ಸ್ನಾಯು ಉರಿಯೂತ; ನರದ್ದಲ್ಲ. ವಿಶ್ರಾಂತಿ, ನೀರು, ಪ್ಯಾರಸಿಟಮಾಲ್ ಸಾಕು, ವಾರದೊಳಗೆ ಹೋಗುತ್ತದೆ. ಎಣ್ಣೆ ತಿಕ್ಕಿ ನೀವುವುದು ಬೇಡ. ಮೂತ್ರ ಕರಿ ಚಹಾದ ಬಣ್ಣಕ್ಕೆ ತಿರುಗಿದರೆ ಮಾತ್ರ ಅದೇ ದಿನ ಆಸ್ಪತ್ರೆ. ಸ್ನಾಯು ಕರಗಿ ಮೂತ್ರಪಿಂಡಕ್ಕೆ ಕುತ್ತಾಗಬಹುದು.

ರೋಗನಿರೋಧಕ ವ್ಯವಸ್ಥೆಯೇ ನರಗಳ ಮೇಲೆ ಬೀಳುವ ಗುಲಿಯನ್–ಬಾರೆ ಕಾಯಿಲೆ ಇದಕ್ಕಿಂತ ಬೇರೆ. ಜ್ವರ ಹೋಗಿ ಒಂದರಿಂದ ಮೂರು ವಾರದ ಮೇಲೆ ನೋವಿಗಿಂತ ಹೆಚ್ಚಾಗಿ ಸೋಲು. ಮೆಟ್ಟಿಲು ಹತ್ತಲಾಗದು, ಕೂತಲ್ಲಿಂದ ಏಳಲಾಗದು, ದಿನದಿಂದ ದಿನಕ್ಕೆ ಕಾಲಿನಿಂದ ಮೇಲಕ್ಕೆ ಏರುತ್ತದೆ. ಧ್ವನಿ ಕ್ಷೀಣಿಸಿದರೆ, ನುಂಗಲು ಕಷ್ಟವಾದರೆ ಉಸಿರಿನ ಸ್ನಾಯುಗಳೂ ಸೋಲುತ್ತಿವೆ ಎಂದರ್ಥ. ವೆಂಟಿಲೇಟರ್ ಇರುವ ಆಸ್ಪತ್ರೆಗೇ ಹೋಗಬೇಕು. ಹದಿನೈದು ವರ್ಷದೊಳಗಿನವರಿಗೆ ಹೀಗೆ ಹಠಾತ್ತಾಗಿ ಕೈಕಾಲು ಸೋತರೆ ಪೋಲಿಯೊ ಕಣ್ಗಾವಲಿನ ನಿಯಮದಂತೆ ಆರೋಗ್ಯ ಇಲಾಖೆಯವರು ಬಂದು 24 ಗಂಟೆ ಅಂತರದಲ್ಲಿ ಎರಡು ಸಲ ಮಲದ ಮಾದರಿ ಕೇಳುತ್ತಾರೆ. ಗಾಬರಿಯಾಗದೆ ಕೊಡಿ.

ಫ್ಲೂ ಅಲ್ಲದೆಯೂ ಇರಬಹುದು

ಡಿಸೆಂಬರ್‌ನಿಂದ ಮೇ ನಡುವೆ ಸಿದ್ದಾಪುರ, ಹೊನ್ನಾವರದ ಕಾಡಂಚಿನಲ್ಲಿ ಜ್ವರ ಬಂದು ಮಂಪರಾದರೆ ಮಂಗನ ಕಾಯಿಲೆಯ ಯೋಚನೆ ಮೊದಲು ಬರಬೇಕು. ಅದರಲ್ಲಿ ಜ್ವರ ಒಮ್ಮೆ ಬಿಟ್ಟು ಎರಡನೇ ಸುತ್ತಿನಲ್ಲಿ ಮಿದುಳಿನ ಲಕ್ಷಣ ಕಾಣುವುದುಂಟು. ದರಕಿಗೆ (ಒಣಗಿದ ಎಲೆಗೆ), ಸೊಪ್ಪಿಗೆ ಕಾಡಿಗೆ ಹೋಗಿದ್ದು, ಉಣ್ಣೆ ಕಚ್ಚಿದ್ದು, ಹತ್ತಿರದಲ್ಲಿ ಮಂಗ ಸತ್ತದ್ದು ಹೇಳಲೇಬೇಕಾದ ಸಂಗತಿ. ಗದ್ದೆ ನೀರಿನಲ್ಲಿ ಆಡಿದ ಮಗುವಿಗೆ ಇಲಿಜ್ವರ, ಸೊಳ್ಳೆಯಿಂದ ಡೆಂಗಿ, ಮಿದುಳು ಜ್ವರ (ಜಪಾನೀಸ್ ಎನ್ಸೆಫಲೈಟಿಸ್, ಅಂದರೆ ಜೆಇ). ತಾಯಿ ಕಾರ್ಡಿನಲ್ಲಿ ಜೆಇ ಲಸಿಕೆ ನಮೂದಾಗಿದೆಯೇ ನೋಡಿ. ಕೆಮ್ಮು ವಾರಗಟ್ಟಲೆ ಎಳೆದು ಆಮೇಲೆ ಮಂಪರು ಬಂದರೆ ಮೈಕೊಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾದ ಸೋಂಕು, ಕ್ಷಯ ಎರಡನ್ನೂ ವೈದ್ಯರು ನೋಡುತ್ತಾರೆ.

ಮನೆಗೆ ಬಂದ ಮೇಲೆ, ಮುಂದಿನ ಮಳೆಗೆ ಮುಂಚೆ

ಸಾದಾ ಜ್ವರದ ಫಿಟ್ಸ್ ಆದ ಮಗುವಿಗೆ ವರ್ಷಗಟ್ಟಲೆ ಫಿಟ್ಸ್ ಮಾತ್ರೆ ಬೇಕಿಲ್ಲ. ಮೂವರಲ್ಲಿ ಒಬ್ಬರಿಗೆ ಇನ್ನೊಂದು ಜ್ವರದಲ್ಲಿ ಮರುಕಳಿಸಬಹುದು. ಮೊದಲ ಸಲ ಬಂದದ್ದು ಒಂದು ವರ್ಷದೊಳಗಾದರೆ ಅರ್ಧಕ್ಕರ್ಧ. ಅದರಿಂದ ಬುದ್ಧಿ ಕುಂದುವುದಿಲ್ಲ. ಅಂಗನವಾಡಿಯ ಕಾರ್ಯಕರ್ತೆಗೆ, ಶಾಲೆಯ ಟೀಚರಿಗೆ ಮಗ್ಗುಲು ಮಲಗಿಸುವುದನ್ನು ತೋರಿಸಿಕೊಡಿ. ಎನ್ಸೆಫಲೋಪತಿಯಿಂದ ಎದ್ದ ಮಗುವಿನ ಹಾದಿ ಉದ್ದ: ನಡಿಗೆ, ಮಾತು, ನೆನಪು, ಕೋಪ ಎಲ್ಲವೂ ತಿಂಗಳುಗಟ್ಟಲೆ ಬದಲಾಗುತ್ತಿರುತ್ತವೆ. ಫಿಸಿಯೊಥೆರಪಿ ಆಸ್ಪತ್ರೆಯಲ್ಲೇ ಶುರುವಾಗಬೇಕು. ಮನೆಗೆ ಬಂದ ಮೇಲೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಕ್ಕೆ ಹೆಸರು ಕೊಡಿಸುವಂತೆ ಆಶಾ ಕಾರ್ಯಕರ್ತೆಗೆ ಹೇಳಿ.

ಫ್ಲೂ ಲಸಿಕೆ ಸರ್ಕಾರಿ ಪಟ್ಟಿಯಲ್ಲಿಲ್ಲ, ದುಡ್ಡು ಕೊಟ್ಟು ಹಾಕಿಸಬೇಕು. ಆರು ತಿಂಗಳಿಂದ ಐದು ವರ್ಷದವರೆಗೆ ವರ್ಷಕ್ಕೊಮ್ಮೆ ಎಂದು ಭಾರತೀಯ ಮಕ್ಕಳ ವೈದ್ಯರ ಸಂಘ ಹೇಳುತ್ತದೆ. ಫಿಟ್ಸ್ ಕಾಯಿಲೆ, ನರದ ತೊಂದರೆ ಇರುವವರಿಗೆ ಐದರ ಮೇಲೂ. ಮೊದಲ ವರ್ಷ ನಾಲ್ಕು ವಾರ ಅಂತರದಲ್ಲಿ ಎರಡು ಡೋಸ್, ಆಮೇಲೆ ಪ್ರತಿ ವರ್ಷ ಒಂದು. ಹಾಕಿಸಿ ಎರಡು ವಾರಕ್ಕೆ ರಕ್ಷಣೆ ಬರುವುದರಿಂದ ಮೊದಲ ಸಲದವರು ಏಪ್ರಿಲ್ ಮಧ್ಯದೊಳಗೆ ಶುರುಮಾಡಿದರೆ ಮಳೆ ಹಿಡಿಯುವುದರೊಳಗೆ ಎರಡೂ ಮುಗಿಯುತ್ತದೆ. ಶಿರಸಿ, ಕುಮಟಾದ ಸಣ್ಣ ಔಷಧಿ ಅಂಗಡಿಯಲ್ಲಿ ಹೊಸ ವರ್ಷದ ಸ್ಟಾಕ್ ಮೊದಲೇ ಹೇಳಿದರಷ್ಟೇ ತರಿಸುತ್ತಾರೆ. ಪೆಟ್ಟಿಗೆಯ ಮೇಲೆ ಯಾವ ವರ್ಷದ್ದು ಎಂದು ಓದಿ. 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಫ್ರಿಜ್‌ನಲ್ಲಿಟ್ಟದ್ದನ್ನು ಐಸ್‌ಪ್ಯಾಕಿನ ಡಬ್ಬಿಯಲ್ಲೇ ವೈದ್ಯರ ಬಳಿಗೆ ಒಯ್ಯಿರಿ, ಲಸಿಕೆಯ ಪೆಟ್ಟಿಗೆ ನೇರ ಐಸ್‌ಗೆ ತಾಗದಂತೆ ನಡುವೆ ಒಂದು ಬಟ್ಟೆ ಇಟ್ಟು.